ಆಲ್ಫಾ, ಬೀಟಾ, ಗ್ಯಾಮಾ: ಸೀರಮ್ ಪ್ರೋಟೀನುಗಳ ಸಂಜ್ಞಾವಿಮರ್ಶೆ

ಯಾವ ಶಾಸ್ತ್ರವನ್ನೇ ಆಗಲಿ ಪರೀಕ್ಷಿಸಹೊರಟವನು ಮೊದಲು ಅದರ ಸಂಜ್ಞಾಪ್ರಕರಣವನ್ನು ನೋಡಬೇಕೆಂಬುದು ನಮ್ಮ ವೈಯಾಕರಣರ ಪದ್ಧತಿ. ಹೆಸರು ಯಾವ ನಿಮಿತ್ತದಿಂದ ಬಂದಿತು, ಆ ನಿಮಿತ್ತವು ವಸ್ತುವಿನಲ್ಲಿ ಇನ್ನೂ ಉಳಿದಿದೆಯೆ, ಉಳಿದಿಲ್ಲವಾದರೆ ಹೆಸರು ರೂಢಿಯ ಬಲದಿಂದ ನಿಂತಿದೆಯೆ ಅಥವಾ ಭ್ರಾಂತಿಯ ಬಲದಿಂದ ನಿಂತಿದೆಯೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತರೆ ಶಾಸ್ತ್ರದ ಅರ್ಧಭಾಗವು ತಿಳಿದಂತೆಯೇ. ಕಾವ್ಯ, ವ್ಯಾಕರಣ, ಛಂದಸ್ಸುಗಳ ವಿಚಾರವೇ ಹೆಚ್ಚಾಗಿ ನಡೆಯುವ ಈ ಪುಟಗಳಲ್ಲಿ ರಕ್ತದ ಸೀರಮ್ಮನ್ನು ಕುರಿತ ಲೇಖನವೇಕೆಂದು ವಾಚಕರು ಶಂಕಿಸಬಹುದು. ವೈದ್ಯರು ಪ್ರತಿದಿನವೂ ಉಚ್ಚರಿಸುವ ಆಲ್ಫಾ, ಬೀಟಾ, ಗ್ಯಾಮಾ ಗ್ಲಾಬ್ಯುಲಿನ್ ಎಂಬ ಹೆಸರುಗಳನ್ನು ಕುರಿತು ಮೇಲಿನ ಪ್ರಶ್ನೆಗಳನ್ನು ಕೇಳಿದರೆ ಬರುವ ಉತ್ತರಗಳು ನಮ್ಮ ಲಕ್ಷಣಗ್ರಂಥಗಳನ್ನು ಓದಿದವರಿಗೆ ಅತ್ಯಂತ ರುಚಿಕರವಾಗಿವೆ. ಅದಲ್ಲದೆ, ಈ ವಿಷಯವನ್ನು ಕನ್ನಡದಲ್ಲಿ ಬರೆದಾಗ ಭಾಷೆಯನ್ನು ತಿದ್ದುವ ಕೆಲಸವು ನಮ್ಮಂಥ ಸಾಹಿತ್ಯಾಧ್ಯಾಪಕರ ಪಾಲಿಗೇ ಬರುವುದು. ಪ್ರಯೋಗಶಾಲೆಯ ಕ್ರಿಯಾಭಾಗವು ಅದನ್ನು ಬಲ್ಲವರದು. ಶಬ್ದಾರ್ಥಸಂಬಂಧದ ಭಾಗವನ್ನು ಮಾತ್ರ ನಾನು ಇಲ್ಲಿ ವಿಚಾರಿಸುವೆನು.

ರಕ್ತವನ್ನು ಗಾಜಿನ ನಳಿಗೆಯಲ್ಲಿ ಹೆಪ್ಪುಗಟ್ಟಲು ಬಿಟ್ಟರೆ ಕೆಂಪು ಹೆಪ್ಪು ಕುಗ್ಗಿ, ಹುಲ್ಲಿನ ಬಣ್ಣದ ತಿಳಿಯಾದ ದ್ರವವು ಬೇರೆಯಾಗುತ್ತದೆ. ಇದೇ ಸೀರಮ್. ಹೆಪ್ಪುಗಟ್ಟದಂತೆ ಔಷಧವನ್ನು ಬೆರೆಸಿ ರಕ್ತಕಣಗಳನ್ನು ಮಾತ್ರ ಬೇರ್ಪಡಿಸಿದರೆ ದೊರೆಯುವುದು ಪ್ಲಾಸ್ಮಾ. ಹೆಪ್ಪಿಗೆ ಕಾರಣವಾದ ಫೈಬ್ರಿನೋಜೆನ್ ಎಂಬ ಪ್ರೋಟೀನು ಪ್ಲಾಸ್ಮಾದಲ್ಲಿ ಉಂಟು, ಸೀರಮ್ಮಿನಲ್ಲಿ ಇಲ್ಲ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಕೆಲಸವಿದೆ. ಆರೋಗ್ಯವಂತನ ಸೀರಮ್ಮಿನ ೧ ಡೆಸಿಲೀಟರಿನಲ್ಲಿ ಸುಮಾರು ೬ರಿಂದ ೮ ಗ್ರಾಂ ಪ್ರೋಟೀನು ಇರುವುದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಆಲ್ಬುಮಿನ್ ಎಂಬ ಒಂದೇ ವಸ್ತು. ಉಳಿದುದು ನಾನಾ ಬಗೆಯ ವಸ್ತುಗಳ ಸಂತೆ.

ಈ ಸಂತೆಯನ್ನು ಮೊದಲು ವಿಂಗಡಿಸಿದುದು ಉಪ್ಪಿನಿಂದ. ಹತ್ತೊಂಬತ್ತನೆಯ ಶತಮಾನದ ರಸಾಯನಜ್ಞರು ಅಮೋನಿಯಂ ಸಲ್ಫೇಟನ್ನು ಅರ್ಧ ತೃಪ್ತಿಯ ಮಟ್ಟಕ್ಕೆ ಬೆರೆಸಿದಾಗ ಗಸಿಯಾಗಿ ಕೆಳಗಿಳಿದುದನ್ನು ಗ್ಲಾಬ್ಯುಲಿನ್ ಎಂದರು, ಕರಗಿಯೇ ಉಳಿದುದನ್ನು ಆಲ್ಬುಮಿನ್ ಎಂದರು. ಆಲ್ಬುಮಿನ್ ಎಂಬುದು ಬಿಳುಪನ್ನು ಹೇಳುವ ಲ್ಯಾಟಿನ್ ಶಬ್ದದಿಂದ, ಮೊಟ್ಟೆಯ ಬಿಳಿಯ ಭಾಗದ ಮೂಲಕ ಬಂದುದು. ಸೀರಮ್ಮಿನ ಆಲ್ಬುಮಿನ್ ಬಿಳಿಯದಲ್ಲವೆಂಬ ಆಕ್ಷೇಪಕ್ಕೆ ಬೆಲೆಯಿಲ್ಲ. ನಡೆಯುವುದರಿಂದ ಗೋವೆಂದು ಹೆಸರಾದರೂ ನಿಂತ ಗೋವು ಗೋವೇ ಅಲ್ಲವೆ? ದೋಷವಿರುವುದು ವ್ಯುತ್ಪತ್ತಿಯಲ್ಲಲ್ಲ, ಲಕ್ಷಣದಲ್ಲಿ. ‘ಇಷ್ಟು ಉಪ್ಪಿನಲ್ಲಿ ಕರಗಿ ಉಳಿಯುವುದು ಆಲ್ಬುಮಿನ್’ ಎಂಬ ಲಕ್ಷಣದಲ್ಲಿ ಉಪ್ಪಿನ ಪ್ರಮಾಣವನ್ನು ಬದಲಿಸಿದರೆ ಲಕ್ಷ್ಯವೂ ಬದಲಾಗುತ್ತದೆ. ೧೯೨೧ರಲ್ಲಿ ಹೌ ಎಂಬವರು ಸೋಡಿಯಂ ಸಲ್ಫೇಟಿನಿಂದ ವಿಂಗಡಿಸುವ ಒಂದು ಕ್ರಮವನ್ನು ಪ್ರಕಟಿಸಿದರು. ಆಸ್ಪತ್ರೆಗಳು ಬಹುಕಾಲ ಅದನ್ನೇ ಅನುಸರಿಸಿದವು. ವಿದ್ಯುತ್ತಿನ ಕ್ರಮದಿಂದ ನೋಡಿದಾಗಲ್ಲವೆ, ಆ ‘ಆಲ್ಬುಮಿನ್ನಿ’ನಲ್ಲಿ ಆಲ್ಫಾ ಗ್ಲಾಬ್ಯುಲಿನ್ನೂ ಸೇರಿಕೊಂಡಿದ್ದುದು ಬಯಲಾಯಿತು! ನೈಯಾಯಿಕರು ಅತಿವ್ಯಾಪ್ತಿಯೆಂದು ಕರೆಯುವ ದೋಷಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ.

ಇನ್ನು ಪ್ರಕೃತಕ್ಕೆ ಬರೋಣ. ಸ್ವೀಡನ್ ದೇಶದ ಉಪ್ಸಾಲಾ ನಗರದಲ್ಲಿ ಸ್ವೆಡ್‌ಬರ್ಗ್ ಅವರ ಶಿಷ್ಯರಾಗಿದ್ದ ಆರ್ನೆ ಟಿಸೇಲಿಯಸ್ ಎಂಬವರು ವಿದ್ಯುತ್ತಿನ ಬಲದಿಂದ ಪ್ರೋಟೀನುಗಳನ್ನು ಸರಿಸುವ ವಿಷಯದಲ್ಲಿಯೇ ೧೯೩೦ರಲ್ಲಿ ಪ್ರೌಢಪ್ರಬಂಧವನ್ನು ರಚಿಸಿದರು. ೧೯೩೭ರಲ್ಲಿ ತಮ್ಮ ಹೊಸ ಉಪಕರಣವನ್ನು ಪ್ರಕಟಿಸಿದರು. ಇದಕ್ಕಾಗಿಯೂ ಅಧಿಶೋಷಣ ವಿಶ್ಲೇಷಣೆಯ ಕೆಲಸಕ್ಕಾಗಿಯೂ ೧೯೪೮ರ ರಸಾಯನದ ನೊಬೆಲ್ ಪಾರಿತೋಷಕವು ಅವರಿಗೆ ಬಂದಿತು. ಉಪಕರಣದ ಹೃದಯವೆಂದರೆ ಇಂಗ್ಲಿಷಿನ ಯು ಅಕ್ಷರದ ಆಕಾರದ ಒಂದು ಗಾಜಿನ ನಳಿಗೆ. ಅದು ದುಂಡಗಿರದೆ ಚಪ್ಪಟೆಯಾಗಿ, ಅಡ್ಡಕೊಯ್ತದಲ್ಲಿ ನೀಳವಾದ ಚತುಷ್ಕೋನವಾಗಿತ್ತು. ಒಂದರ ಮೇಲೊಂದು ಜಾರುವ ತುಂಡುಗಳಿಂದ ಕೂಡಿತ್ತು. ವಿದ್ಯುತ್ತು ಹರಿದಾಗ ದ್ರವವು ಕಾಯುತ್ತದೆ. ಕಾದ ದ್ರವವು ಮೇಲೇಳುತ್ತದೆ. ಮೇಲೆದ್ದರೆ ಬೇರೆಯಾಗುತ್ತಿದ್ದುದೆಲ್ಲ ಮತ್ತೆ ಕಲಸಿಹೋಗುತ್ತದೆ. ಚಪ್ಪಟೆಯ ನಳಿಗೆಯಲ್ಲಿ ಕಾವು ಬೇಗ ಹೊರಕ್ಕೆ ಹೋಗುವುದು. ಅದೂ ಸಾಲದೆ ಅವರು ಇಡೀ ನಳಿಗೆಯನ್ನು ಹಿಮದ ಸಮೀಪದ ಶೈತ್ಯದಲ್ಲಿ ಇಟ್ಟರು. ನೀರಿನ ಸಾಂದ್ರತೆಯು ೪ ಡಿಗ್ರಿ ಸೆಂಟಿಗ್ರೇಡಿನ ಹತ್ತಿರ ಪರಮಾವಧಿಯನ್ನು ಮುಟ್ಟುವುದಷ್ಟೆ. ಆ ಸ್ಥಾನದ ಸುತ್ತಮುತ್ತ ಕಾವಿನಲ್ಲಿ ಸ್ವಲ್ಪ ಹೆಚ್ಚುಕಡಮೆಯಾದರೂ ಸಾಂದ್ರತೆಯು ಬಹುಮಟ್ಟಿಗೆ ಬದಲಾಗದು. ಆದಕಾರಣ ದ್ರವವು ಅಲುಗದೆ ನಿಲ್ಲುತ್ತದೆ. ಈ ಒಂದು ಯುಕ್ತಿಯಿಂದ ಹೆಚ್ಚಿನ ವಿದ್ಯುತ್ತನ್ನು ಹಾಯಿಸಲು ಅವಕಾಶವಾಯಿತು.

ಕುದುರೆಯ ಸೀರಮ್ಮನ್ನು ನಳಿಗೆಯ ಕೆಳಗೆ, ತಿಳಿದ್ರಾವಣವನ್ನು ಅದರ ಮೇಲೆ ಇಟ್ಟು ವಿದ್ಯುತ್ತನ್ನು ಹಾಯಿಸಿದಾಗ ಪ್ರೋಟೀನುಗಳು ತಮ್ಮ ತಮ್ಮ ವೇಗದಿಂದ ಹೊರಟವು. ಪ್ರೋಟೀನಿಗೆ ಬಣ್ಣವಿಲ್ಲ. ಆದರೆ ಒಂದೊಂದು ಪ್ರೋಟೀನಿನ ಮುಂಗಡೆಯ ಎಲ್ಲೆಯಲ್ಲಿ ಬೆಳಕು ಬಾಗುತ್ತದೆ. ಹಾಗೆ ಬಾಗಿದ ಕಡೆ ನೆರಳಿನ ರೇಖೆಯು ಬೀಳುತ್ತದೆ. ಆಲ್ಬುಮಿನ್ ಎಲ್ಲಕ್ಕಿಂತ ಮುಂದೆ ಹೋಯಿತು. ಅದರ ಹಿಂದೆ ಮೂರು ಎಲ್ಲೆಗಳು ಕಂಡವು. ಟಿಸೇಲಿಯಸ್ ಅವರು ಇವಕ್ಕೆ ಗ್ರೀಕ್ ವರ್ಣಮಾಲೆಯ ಮೊದಲ ಮೂರು ಅಕ್ಷರಗಳನ್ನು ಕ್ರಮವಾಗಿ ಕೊಟ್ಟರು.

ಈ ನಾಮಕರಣವನ್ನು ಮೊದಲು ಹೊಗಳಬೇಕು. ಪಾಣಿನಿಯು ‘ಟಿ’, ‘ಘು’, ‘ಭ’ ಎಂಬ ಕೃತ್ರಿಮಸಂಜ್ಞೆಗಳನ್ನೂ ‘ಸರ್ವನಾಮ’, ‘ಅವ್ಯಯ’ ಎಂಬ ದೊಡ್ಡ ಸಂಜ್ಞೆಗಳನ್ನೂ ಮಾಡಿರುವನು. ದೊಡ್ಡ ಸಂಜ್ಞೆಯು ಅನ್ವರ್ಥವಾಗಿರಬೇಕೆಂದು ಭಾಷ್ಯಸಂಪ್ರದಾಯವು ಬಯಸುತ್ತದೆ. ಸಣ್ಣ ಸಂಜ್ಞೆಯಿಂದ ಯಾರೂ ಅರ್ಥವನ್ನು ಹಿಂಡಿ ತೆಗೆಯಲಾರರು. ಟಿಸೇಲಿಯಸ್ ಅವರ ಅಕ್ಷರಗಳು ‘ಘು’ವಿನ ಜಾತಿಯವು. ಇದು ಯಾವ ವಸ್ತು, ಇದರ ಕೆಲಸವೇನು ಎಂದು ಅವರು ಹೇಳಲಿಲ್ಲ. ಈ ಉಪಕರಣದಲ್ಲಿ, ಈ ದ್ರಾವಣದಲ್ಲಿ, ಆಲ್ಬುಮಿನ್ನಿನ ಹಿಂದೆ ಇದು ಮೊದಲನೆಯದು, ಇದು ಎರಡನೆಯದು ಎಂದಷ್ಟೇ ಹೇಳಿದರು. ಕಂಡಷ್ಟನ್ನೇ ನುಡಿಯುವ ಈ ಸಂಯಮವು ನಮ್ಮ ವ್ಯಾಖ್ಯಾನಕಾರರಲ್ಲಿಯೂ ಎಲ್ಲರಿಗೂ ಇಲ್ಲ. ದೋಷವು ಹುಟ್ಟಿದುದು ಅನಂತರದವರು ಪಂಕ್ತಿಯಲ್ಲಿ ಕುಳಿತ ಸ್ಥಾನವನ್ನು ಗೋತ್ರವೆಂದು ಎಣಿಸಿದಾಗ.

ಮೊದಲ ಸಂಕ್ರಮಣವು ಯಾರ ಗಮನಕ್ಕೂ ಬಾರದಂತೆ ನಡೆದುಹೋಯಿತು. ಉಪ್ಸಾಲಾದ ನಳಿಗೆಯಲ್ಲಿ ಪ್ರೋಟೀನುಗಳು ಪೂರ್ತಿಯಾಗಿ ಬೇರೆಯಾಗುತ್ತಿರಲಿಲ್ಲ. ಮೆರವಣಿಗೆಯ ಮುಂತುದಿಯಲ್ಲಿ ಆಲ್ಬುಮಿನ್ ಮಾತ್ರ. ಅದರ ಹಿಂದೆ ಆಲ್ಬುಮಿನ್ನೂ ಆಲ್ಫಾವೂ ಕೂಡಿ. ಅದರ ಹಿಂದೆ ಆ ಎರಡರೊಡನೆ ಬೀಟಾ. ಚಿತ್ರದಲ್ಲಿ ಬೆಟ್ಟದಂತೆ ಏಳುತ್ತಿದ್ದ ರೇಖೆಯು ವಸ್ತುವಿನ ರಾಶಿಯಲ್ಲ, ಒಂದು ವಸ್ತುವು ಮುಗಿದ ಎಲ್ಲೆಯ ಗುರುತು. ಎಂದರೆ ಗ್ಯಾಮಾ ಎಂಬುದು ಹುಟ್ಟಿನಲ್ಲಿ ಸೀಮಾರೇಖೆಯೊಂದರ ಹೆಸರು. ೧೯೫೦ರ ಸುಮಾರಿಗೆ ಹಲವರು ಬೇರೆಬೇರೆಯಾಗಿ ಶೋಧಕಾಗದದ ಮೇಲೆ ಈ ಕೆಲಸವನ್ನು ಮಾಡತೊಡಗಿದರು. ಅವರಲ್ಲಿ ಟಿಸೇಲಿಯಸ್ ಅವರೂ ಒಬ್ಬರು. ಕೋಣೆಯನ್ನು ತುಂಬುವ ಉಪಕರಣದ ಬದಲು ಮೇಜಿನ ಮೇಲೆ ಹಿಡಿಯುವ ಪೆಟ್ಟಿಗೆ, ತೇವಗೊಂಡ ಕಾಗದದ ಪಟ್ಟಿ, ಒಂದು ಹನಿ ಸೀರಮ್, ಒಂದು ರಾತ್ರಿಯ ಕಾಲ. ಬಳಿಕ ಬಣ್ಣದಲ್ಲಿ ಅದ್ದಿದರೆ ಪ್ರೋಟೀನುಗಳು ಪಟ್ಟೆಪಟ್ಟೆಯಾಗಿ ಮೂಡುವುವು. ಇಲ್ಲಿ ಪಟ್ಟೆಯು ನಿಜವಾಗಿಯೂ ರಾಶಿಯೇ. ಎರಡು ಪಟ್ಟೆಗಳ ನಡುವೆ ಬರಿಯ ಕಾಗದವಿರಬಹುದು. ಹೀಗಿದ್ದರೂ ಎಲ್ಲೆಗೆ ಇಟ್ಟ ಹೆಸರನ್ನೇ ರಾಶಿಗೆ ಹೊದಿಸಿದರು. ಊರಿನ ಗಡಿಕಲ್ಲಿನ ಹೆಸರನ್ನು ಊರಿನ ಜನಕ್ಕೆ ಇಟ್ಟಂತಾಯಿತು. ಲಕ್ಷಣೆಯಿಂದ ಇದನ್ನು ಸಮರ್ಥಿಸಬಹುದು, ಸಾಮೀಪ್ಯಸಂಬಂಧವುಂಟು. ಆದರೆ ಲಕ್ಷಣೆಯೆಂದು ತಿಳಿದು ಪ್ರಯೋಗಿಸುವುದು ಬೇರೆ, ವಾಚ್ಯಾರ್ಥವೆಂದು ನಂಬುವುದು ಬೇರೆ.

ಎರಡನೆಯ ಸಂಕ್ರಮಣಕ್ಕೆ ಕಾರಣವು ಒಂದು ಉತ್ತಮವಾದ ಪ್ರಯೋಗವೇ. ೧೯೩೯ರಲ್ಲಿ ಟಿಸೇಲಿಯಸ್ ಮತ್ತು ಕಬಾಟ್ ಎಂಬವರು ಮೊಟ್ಟೆಯ ಆಲ್ಬುಮಿನ್ನನ್ನು ಮೊಲಗಳಿಗೆ ಚುಚ್ಚಿ, ಅವುಗಳ ಸೀರಮ್ಮಿನಲ್ಲಿ ಅದಕ್ಕೆ ವಿರೋಧಿಯಾದ ಪ್ರತಿಕಾಯಗಳನ್ನು ಬೆಳೆಸಿದರು. ಆ ಸೀರಮ್ಮಿನಲ್ಲಿ ಗ್ಯಾಮಾ ಭಾಗವು ಉಬ್ಬಿತ್ತು. ಮೊಟ್ಟೆಯ ಆಲ್ಬುಮಿನ್ನನ್ನು ಬೆರೆಸಿ ಪ್ರತಿಕಾಯಗಳನ್ನು ಗಸಿಯಾಗಿ ತೆಗೆದು ನೋಡಿದಾಗ ಗ್ಯಾಮಾ ಭಾಗವು ಇಳಿಯಿತು. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂಬ ಅನ್ವಯವ್ಯತಿರೇಕಗಳೆರಡೂ ಕೂಡಿಬಂದವು. ಪ್ರತಿಕಾಯಗಳು ಗ್ಯಾಮಾದಲ್ಲಿವೆ ಎಂಬ ವಾಕ್ಯವು ಇದರಿಂದ ಸಿದ್ಧವಾಯಿತು. ಆದರೆ ಪುಸ್ತಕಗಳಲ್ಲಿ ಅದು ಬಹುಬೇಗ ಮಗುಚಿಕೊಂಡು ‘ಗ್ಯಾಮಾ ಎಂದರೆ ಪ್ರತಿಕಾಯ’ ಎಂದಾಯಿತು. ಅಧಿಕರಣವನ್ನೇ ಆಧೇಯವೆಂದು ಹೇಳಿದ ಹಾಗೆ. ಪ್ರತಿಕಾಯಗಳ ಒಂದು ವರ್ಗವು ಬೀಟಾದ ಕಡೆಗೆ ಚಾಚಿಕೊಂಡು ನಿಲ್ಲುತ್ತದೆಂದು ಮುಂದೆ ತಿಳಿದಾಗ ಅದಕ್ಕೆ ‘ಬೀಟಾ ಎರಡು ಎ’ ಎಂದು ಹೆಸರಿಟ್ಟು, ಬಳಿಕ ‘ಗ್ಯಾಮಾ ಎ’ ಎಂದು ಬದಲಿಸಿದರು. ಒಂದೇ ವಸ್ತುವು ಎರಡು ಅಕ್ಷರಗಳ ನಡುವೆ ಅಲೆಯಿತು. ಕಡೆಗೆ ೧೯೬೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಕೂಡಿದ ವಿದ್ವಾಂಸರು ಇಮ್ಯುನೋಗ್ಲಾಬ್ಯುಲಿನ್ ಎಂಬ ಕುಲನಾಮದಡಿಯಲ್ಲಿ ಜಿ, ಎ, ಎಮ್ ಎಂಬ ಭೇದಗಳನ್ನು ಗೊತ್ತುಮಾಡಿದರು. ಸ್ಥಾನನಾಮಕ್ಕೂ ಸ್ವರೂಪನಾಮಕ್ಕೂ ಅಂದು ವಿಚ್ಛೇದನವಾಯಿತು. ‘ಗ್ಯಾಮಾ ಗ್ಲಾಬ್ಯುಲಿನ್ ಚುಚ್ಚುಮದ್ದು’ ಎಂದು ಜನರು ಇಂದಿಗೂ ಹೇಳುವರು. ಅದು ಯೋಗರೂಢಿ, ಇರಲಿ. ಅಕ್ಷರವು ಸುಮ್ಮನೆ ಹೋಗಲಿಲ್ಲವೆಂಬುದಕ್ಕೆ ಇನ್ನೊಂದು ಸಾಕ್ಷಿ: ಒಂದೇ ಕಣವಂಶದಿಂದ ಪ್ರತಿಕಾಯಸದೃಶವಾದ ಪ್ರೋಟೀನು ಮಿತಿಮೀರಿ ಬರುವ ವಿಕಾರಗಳಿಗೆ ವೈದ್ಯರು ‘ಗ್ಯಾಮೋಪತಿ’ ಎನ್ನುವರು, ಆ ಪ್ರೋಟೀನು ಎಷ್ಟೋ ವೇಳೆ ಬೀಟಾದಲ್ಲಿ ನಿಂತಿರುತ್ತದೆ.

ಇದಕ್ಕಿಂತ ಸೂಕ್ಷ್ಮವಾದುದು ಭೂಮಿಕೆಯ ಪ್ರಶ್ನೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಪಾಠಹೇಳುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಕಾಗದದ ಅಥವಾ ಅಗರ್ ಎಂಬ ಕಡಲಪಾಚಿಯ ಸಾರದ ಮೇಲೆ ಸೀರಮ್ಮನ್ನು ಇಟ್ಟು ಪಿಎಚ್ ೮.೬ರ ದ್ರಾವಣದಲ್ಲಿ ವಿದ್ಯುತ್ತನ್ನು ಹಾಯಿಸಿದರೆ, ಆಲ್ಬುಮಿನ್ ಧನಧ್ರುವದ ಕಡೆಗೆ ಓಡುವುದು. ಗ್ಯಾಮಾ ಪಟ್ಟೆಯ ಬಹುಭಾಗವು ಹನಿಯನ್ನು ಇಟ್ಟ ಜಾಗದಿಂದ ಹಿಂದಕ್ಕೆ, ಋಣಧ್ರುವದ ಕಡೆಗೆ ಸರಿದಿರುವುದು. ಇದನ್ನು ಕಂಡ ವಿದ್ಯಾರ್ಥಿಯು ಗ್ಯಾಮಾ ಗ್ಲಾಬ್ಯುಲಿನ್ನಿಗೆ ಧನ ಆವೇಶವಿದೆಯೆಂದು ಅನುಮಾನಿಸುತ್ತಾನೆ. ಹೇತುವು ಪ್ರತ್ಯಕ್ಷ, ವ್ಯಾಪ್ತಿಯೂ ಸರಿಯಾಗಿರುವಂತೆ ತೋರುತ್ತದೆ. ಆದರೂ ಅನುಮಾನವು ತಪ್ಪು. ಆ ದ್ರಾವಣದಲ್ಲಿ ಗ್ಯಾಮಾ ಗ್ಲಾಬ್ಯುಲಿನ್ನುಗಳಲ್ಲಿ ಬಹುಪಾಲಿಗೆ ಇರುವುದು ಅತ್ಯಲ್ಪವಾದರೂ ಋಣ ಆವೇಶವೇ. ಅವು ತಮ್ಮ ಶಕ್ತಿಯಿಂದ ಮುಂದಕ್ಕೇ ಹೋಗಲು ಯತ್ನಿಸುತ್ತಿವೆ. ಹಿಂದಕ್ಕೆ ಹೋಗುತ್ತಿರುವುದು ನೀರು. ಕಾಗದದ ಎಳೆಗಳಲ್ಲಿಯೂ ಅಗರಿನಲ್ಲಿಯೂ ಋಣ ಆವೇಶವುಳ್ಳ ಅಂಶಗಳು ಕದಲದಂತೆ ಅಂಟಿಕೊಂಡಿವೆ. ಅವುಗಳನ್ನು ಸುತ್ತಿದ ನೀರಿನ ಪದರದಲ್ಲಿ ಧನ ಅಯಾನುಗಳು ಹೆಚ್ಚು. ನೆಲವು ಕದಲಲಾರದು, ಈ ಅಯಾನುಗಳು ಋಣಧ್ರುವಕ್ಕೆ ಹೊರಟು ನೀರನ್ನೂ ಎಳೆದುಕೊಂಡು ಹೋಗುತ್ತವೆ. ಹೊಳೆಗೆ ಎದುರಾಗಿ ಈಸುವವರಲ್ಲಿ ತೋಳ್ಬಲವುಳ್ಳ ಆಲ್ಬುಮಿನ್ ಮುಂದೆ ಸಾಗುತ್ತದೆ, ಬಲಹೀನವಾದ ಗ್ಯಾಮಾ ಈಸುತ್ತಲೇ ಹಿಂದಕ್ಕೆ ತೇಲಿಹೋಗುತ್ತದೆ. ದಡದಲ್ಲಿ ನಿಂತವನು ಅದರ ಮುಖವು ಯಾವ ಕಡೆಗಿದೆಯೆಂದು ನೋಡದೆ, ಅದು ಹಿಂದಕ್ಕೇ ಹೊರಟಿತೆಂದು ಹೇಳುತ್ತಾನೆ.

ಇಲ್ಲಿ ಹೇತುವು ಸೋಪಾಧಿಕವೆಂದು ತಾರ್ಕಿಕರು ಹೇಳುವರು. ಹೊಗೆಯನ್ನು ಬೆಂಕಿಯಿಂದ ಸಾಧಿಸುವಾಗ ಹಸಿಯ ಕಟ್ಟಿಗೆಯು ಉಪಾಧಿಯಾಗುವಂತೆ, ಇಲ್ಲಿ ಕದಲದಿರುವ ನೀರು ಉಪಾಧಿ. ನೀರು ನಿಂತಿದ್ದರೆ ಮಾತ್ರ ‘ಋಣಧ್ರುವಕ್ಕೆ ಹೋದುದು ಧನ ಆವೇಶವುಳ್ಳದು’ ಎಂಬುದು ಸತ್ಯ. ಇನ್ನೂ ವಿನೋದದ ಸಂಗತಿಯೊಂದಿದೆ. ಇಂದಿನ ದೊಡ್ಡ ಆಸ್ಪತ್ರೆಗಳಲ್ಲಿ ಕೂದಲಿನಂಥ ಗಾಜುನಳಿಗೆಯಲ್ಲಿ ಹೆಚ್ಚು ವೋಲ್ಟೇಜಿನಿಂದ ಕೆಲವೇ ನಿಮಿಷಗಳಲ್ಲಿ ಈ ವಿಂಗಡಣೆಯು ನಡೆಯುತ್ತದೆ. ಅಲ್ಲಿ ಈ ನೀರಿನ ಹರಿವು ಎಷ್ಟು ಬಲವಾದುದೆಂದರೆ ಆಲ್ಬುಮಿನ್ ಸಹಿತ ಎಲ್ಲವೂ ಋಣಧ್ರುವದ ಕಡೆಗೇ ಸೆಳೆದೊಯ್ಯಲ್ಪಡುತ್ತವೆ. ಎದುರು ಈಸುವ ಬಲವಿಲ್ಲದ ಗ್ಯಾಮಾ ಮೊದಲು ಬಂದು ತಲಪುತ್ತದೆ, ಆಲ್ಬುಮಿನ್ ಕಡೆಯಲ್ಲಿ. ಆದರೂ ಹಳೆಯ ಕಣ್ಣಿಗೆ ಒಗ್ಗಲೆಂದು ಯಂತ್ರವು ಆಲ್ಬುಮಿನ್ನನ್ನೇ ಮೊದಲು ಇಟ್ಟು ಚಿತ್ರವನ್ನು ಬರೆದುಕೊಡುತ್ತದೆ. ಕಾಗದದ ಮೇಲೆ ತೊಡಕಾಗಿದ್ದ ಹರಿವು ಇಲ್ಲಿ ವಾಹನವಾಗಿದೆ. ಮೊದಲ ಮೂರು ಅಕ್ಷರಗಳ ಕ್ರಮಕ್ಕೆ ಉಳಿದಿರುವ ಆಧಾರವು ಸಂಪ್ರದಾಯವೊಂದೇ.

ಸ್ಥಾನನಾಮಕ್ಕೆ ನೇರವಾದ ಪೆಟ್ಟು ಬಿದ್ದುದು ೧೯೫೫ರಲ್ಲಿ. ಟೊರೊಂಟೊ ನಗರದಲ್ಲಿ ಇನ್ಸುಲಿನ್ನಿನ ಶೋಧದಲ್ಲಿದ್ದ ಆಲಿವರ್ ಸ್ಮಿದೀಸ್ ಅವರಿಗೆ, ತಮ್ಮ ತಾಯಿಯು ತಂದೆಯ ಅಂಗಿಗಳಿಗೆ ಗಂಜಿ ಹಾಕುತ್ತಿದ್ದುದೂ ಆ ಗಂಜಿಯು ಆರಿ ಗಟ್ಟಿಯಾಗುತ್ತಿದ್ದುದೂ ನೆನಪಿಗೆ ಬಂದು, ಆಲೂಗೆಡ್ಡೆಯ ಪಿಷ್ಟದ ಗಟ್ಟಿಗಂಜಿಯಲ್ಲಿಯೇ ಸೀರಮ್ಮನ್ನು ಓಡಿಸಿದರು. ನಮ್ಮ ಮನೆಗಳಲ್ಲಿಯೂ ಧೋತರಕ್ಕೆ ಗಂಜಿ ಹಾಕಿದವರು ಎಷ್ಟು ಮಂದಿಯಿಲ್ಲ! ಗಂಜಿಯು ಜರಡಿಯಂತೆ ವರ್ತಿಸಿ, ಆವೇಶದ ಜೊತೆಗೆ ಗಾತ್ರವನ್ನೂ ಲೆಕ್ಕಕ್ಕೆ ತಂದಿತು. ಐದು ಪಟ್ಟೆಗಳಿದ್ದಲ್ಲಿ ಅನೇಕ ಪಟ್ಟೆಗಳು ಕಂಡವು. ಒಬ್ಬೊಬ್ಬ ಮನುಷ್ಯನ ಸಾಲು ಒಂದೊಂದು ಬಗೆಯಾಗಿ ತೋರಿತು. ಮೊದಲು ನೋಡಿದ ಮಾದರಿಗಳಿಂದ ಅದು ಸ್ತ್ರೀಪುರುಷಭೇದವೆಂದೇ ಅವರು ಎಣಿಸಿದರು. ಮುಂದೆ ವ್ಯಭಿಚಾರವು ಕಂಡುಬಂದು, ಹ್ಯಾಪ್ಟೋಗ್ಲಾಬಿನ್ ಎಂಬ ಪ್ರೋಟೀನಿನಲ್ಲಿ ವಂಶಾನುಗತವಾದ ಭೇದಗಳಿವೆಯೆಂದು ಗೊತ್ತಾಯಿತು. ನಮ್ಮ ಪ್ರಕರಣಕ್ಕೆ ಮುಖ್ಯವಾದುದು ಬೇರೆ: ದೊಡ್ಡ ಗಾತ್ರದ ಒಂದು ಆಲ್ಫಾ ಪ್ರೋಟೀನು ಈ ಜರಡಿಯಲ್ಲಿ ತಡವರಿಸಿ ಬೀಟಾಗಿಂತಲೂ ಹಿಂದೆ ಉಳಿಯಿತು. ಬೀಟಾದ ಹಿಂದೆ ಆಲ್ಫಾ! ಕ್ರಮವನ್ನೇ ಅರ್ಥವಾಗಿ ಉಳ್ಳ ಅಕ್ಷರವು ಕ್ರಮವನ್ನು ಮೀರಿತು. ಆಗ ಅವರು ‘ನಿಧಾನದ ಆಲ್ಫಾ ಎರಡು’ ಎಂದು ವಿಶೇಷಣವನ್ನು ಸೇರಿಸಬೇಕಾಯಿತು. ಮರುವರ್ಷ ಸ್ಮಿದೀಸ್ ಮತ್ತು ಪೌಲಿಕ್ ಅವರು ಕಾಗದದಲ್ಲಿ ಒಂದು ದಿಕ್ಕಿಗೂ ಗಂಜಿಯಲ್ಲಿ ಅದಕ್ಕೆ ಅಡ್ಡಲಾದ ದಿಕ್ಕಿಗೂ ಓಡಿಸಿ ಯಾವುದು ಯಾವುದೆಂದು ತಾಳೆನೋಡಿದರು. ಎರಡು ಮಾತೃಕೆಗಳನ್ನು ಪಕ್ಕದಲ್ಲಿಟ್ಟು ಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದಕರಿಗೆ ಈ ಕ್ರಮವನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಸ್ಥಾನನಾಮಗಳನ್ನು ತೆಗೆದುಹಾಕಿ ಕ್ರಿಯೆಯಿಂದ ಅನ್ವರ್ಥನಾಮಗಳನ್ನು ಇಡಬಾರದೆ ಎಂಬುದು ಪೂರ್ವಪಕ್ಷ. ಇಟ್ಟು ನೋಡಿದ್ದಾರೆ. ಆಲ್ಬುಮಿನ್ನಿಗಿಂತ ಮುಂದೆ ಓಡುವ ಒಂದು ಸಣ್ಣ ಪಟ್ಟೆಗೆ ಪ್ರೀಆಲ್ಬುಮಿನ್ ಎಂಬ ಹೆಸರಿತ್ತು. ‘ಪ್ರೀ’ ಎಂಬುದಕ್ಕೆ ದೇಶದಲ್ಲಿ ಮುಂದೆ ಎಂಬರ್ಥವನ್ನು ಉದ್ದೇಶಿಸಿದ್ದರು. ಕೇಳಿದವರು ಕಾಲದಲ್ಲಿ ಹಿಂದೆ ಎಂದು ತಿಳಿದು, ಇದು ಆಲ್ಬುಮಿನ್ ಆಗುವುದಕ್ಕೆ ಮುಂಚಿನ ಅವಸ್ಥೆಯೆಂದು ಭ್ರಮಿಸುವ ಸಂಭವವಿತ್ತು. ಆಲ್ಬುಮಿನ್ನಿಗೂ ಇದಕ್ಕೂ ಅಂಥ ಸಂಬಂಧವೇನೂ ಇಲ್ಲ. ಆದಕಾರಣ ೧೯೮೧ರಲ್ಲಿ ಇದಕ್ಕೆ ಟ್ರಾನ್ಸ್‌ಥೈರೆಟಿನ್ ಎಂದು ಮರುನಾಮಕರಣವಾಯಿತು. ಥೈರಾಕ್ಸಿನ್ನನ್ನೂ ರೆಟಿನಾಲನ್ನೂ ಒಯ್ಯುವುದೆಂದು ಅರ್ಥ. ಹೆಸರು ಚೆಲುವಾದುದು, ಆದರೆ ಮನುಷ್ಯನ ರಕ್ತದಲ್ಲಿ ಥೈರಾಕ್ಸಿನ್ನಿನ ಹೆಚ್ಚು ಭಾಗವನ್ನು ಹೊರುವುದು ಬೇರೊಂದು ಪ್ರೋಟೀನು, ರೆಟಿನಾಲನ್ನು ನೇರವಾಗಿ ಹಿಡಿಯುವುದೂ ಮತ್ತೊಂದು. ಅನ್ವರ್ಥನಾಮವು ನಿರ್ದೋಷವಾಗುವುದೆಂಬ ನಂಬಿಕೆಗೆ ಆಧಾರವಿಲ್ಲ.

ಪಟ್ಟೆಯು ಇರುವುದನ್ನು ಓದುವಂತೆ ಇಲ್ಲದಿರುವುದನ್ನೂ ಓದಬೇಕಾಗುತ್ತದೆ. ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಲಾರೆಲ್ ಮತ್ತು ಎರಿಕ್ಸನ್ ಎಂಬವರು ಸುಮಾರು ೧೫೦೦ ಸಾಲುಗಳಲ್ಲಿ ೫ರಲ್ಲಿ ಮೊದಲನೆಯ ಆಲ್ಫಾ ಪಟ್ಟೆಯು ಕಾಣದಿರುವುದನ್ನು ಗಮನಿಸಿ ೧೯೬೩ರಲ್ಲಿ ಪ್ರಕಟಿಸಿದರು. ಆ ಐವರಲ್ಲಿ ಮೂವರಿಗೆ ಚಿಕ್ಕ ವಯಸ್ಸಿನಲ್ಲಿಯೇ ಶ್ವಾಸಕೋಶವು ಹಿಗ್ಗಿ ಸಡಿಲಗೊಳ್ಳುವ ರೋಗವಿದ್ದಿತು. ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆನ್ನುವ ಭಾಟ್ಟಮೀಮಾಂಸಕರಿಗೂ ಅದನ್ನೊಪ್ಪದ ನೈಯಾಯಿಕರಿಗೂ ಒಂದು ವಿಷಯದಲ್ಲಿ ಒಮ್ಮತವುಂಟು: ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆಯಿರಬೇಕು. ಇಲ್ಲಿ ಆ ಯೋಗ್ಯತೆಯು ಸಿದ್ಧವಾಗುವುದು ಒಂದು ಆಕಸ್ಮಿಕದಿಂದ. ಆ ಸ್ಥಾನದಲ್ಲಿ ಬೇರೆ ಪ್ರೋಟೀನುಗಳೂ ಇವೆ. ಆದರೆ ಅವುಗಳಲ್ಲಿ ಒಂದು ಸಕ್ಕರೆಯ ಅಂಶವು ಹೆಚ್ಚಾಗಿರುವುದರಿಂದ ಬಣ್ಣವನ್ನು ಹಿಡಿಯದು, ಮತ್ತೊಂದು ಹರಡಿಹೋಗುತ್ತದೆ. ಕಣ್ಣಿಗೆ ಕಾಣುವ ಪಟ್ಟೆಯು ಬಹುತೇಕ ಆಂಟಿಟ್ರಿಪ್ಸಿನ್ ಎಂಬ ಒಂದೇ ವಸ್ತು. ಪಟ್ಟೆಯಿಲ್ಲವೆಂದರೆ ಆ ವಸ್ತುವು ಇಲ್ಲವೆಂದು, ಇಲ್ಲವೆ ಬಹಳ ಕಡಮೆಯೆಂದು ಅರ್ಥ. ಎರಡನೆಯ ಆಲ್ಫಾ ಸ್ಥಾನದಲ್ಲಿ ಇದೇ ತರ್ಕವು ನಿಲ್ಲದು. ಅಲ್ಲಿ ಹ್ಯಾಪ್ಟೋಗ್ಲಾಬಿನ್ ಹೋದರೂ ಜೊತೆಯವರು ಉಳಿದು ಪಟ್ಟೆಯನ್ನು ತುಂಬಿರುತ್ತಾರೆ. ಒಂದೇ ಜಾತಿಯ ಹೆಸರುಳ್ಳ ಎರಡು ಸ್ಥಾನಗಳಲ್ಲಿ ಅಭಾವದ ಅರ್ಥವು ಬೇರೆಬೇರೆ. ಅಕ್ಷರವು ಇದನ್ನು ಹೇಳಲಾರದು.

ಇದು ಬರಿಯ ಶುಷ್ಕತರ್ಕವೆಂದು ಯಾರೂ ಭಾವಿಸಬಾರದು. ಈ ಸಾಲುಗಳನ್ನು ಓದಿಯೇ ವೈದ್ಯರು ಮನುಷ್ಯನಿಗೆ ರೋಗವನ್ನು ಹೇಳುವರು. ಆರೋಗ್ಯದಲ್ಲಿ ಗ್ಯಾಮಾ ಪ್ರದೇಶವು ದಿಬ್ಬದಂತೆ ಅಗಲವಾಗಿ ಮಲಗಿರುತ್ತದೆ; ಲೆಕ್ಕವಿಲ್ಲದಷ್ಟು ಬಗೆಯ ಪ್ರತಿಕಾಯಗಳು ಅಲ್ಲಿ ಒಂದರಪಕ್ಕದಲ್ಲಿ ಒಂದು ಇರುವುದರಿಂದ. ಮಜ್ಜೆಯಲ್ಲಿ ಒಂದೇ ಕಣವಂಶವು ಬೆಳೆದು ಒಂದೇ ಬಗೆಯ ಪ್ರೋಟೀನನ್ನು ಸುರಿಯತೊಡಗಿದರೆ ದಿಬ್ಬದ ನಡುವೆ ಗೋಪುರದ ಕಳಶದಂಥ ಕಿರಿದಾದ ಶಿಖರವು ಏಳುತ್ತದೆ. ಮೈಲೋಮಾ ಎಂಬ ಮಜ್ಜೆಯ ರೋಗದಲ್ಲಿ ಇಂಥ ವಿಕಾರವನ್ನು ಲಾಂಗ್ಸ್‌ವರ್ತ್ ಮತ್ತು ಸಂಗಡಿಗರು ೧೯೩೯ರಲ್ಲಿಯೇ ಕಂಡಿದ್ದರು. ಇಂದು ಆ ಶಿಖರದ ಅಳತೆಯು ೧ ಡೆಸಿಲೀಟರಿಗೆ ೩ ಗ್ರಾಂ ಎಂಬ ಎಲ್ಲೆಯ ಕೆಳಗಿದೆಯೋ ಮೇಲಿದೆಯೋ ಎಂಬುದು, ಮಜ್ಜೆಯ ಪರೀಕ್ಷೆ ಮೊದಲಾದವುಗಳೊಡನೆ ಸೇರಿ, ವ್ಯಕ್ತಿಯನ್ನು ಯಾವ ವರ್ಗದಲ್ಲಿಡಬೇಕೆಂಬುದನ್ನು ನಿರ್ಣಯಿಸುತ್ತದೆ.

ಈಗ ಮೊದಲು ನೆನಪಿನಲ್ಲಿಡಲು ಹೇಳಿದ ಭೇದಕ್ಕೆ ಬರುವೆನು. ಹೆಪ್ಪುಗಟ್ಟದಂತೆ ಔಷಧವನ್ನು ಸೇವಿಸುತ್ತಿರುವ ರೋಗಿಯ ರಕ್ತವು ನಳಿಗೆಯಲ್ಲಿ ಪೂರ್ತಿಯಾಗಿ ಹೆಪ್ಪುಗಟ್ಟದೆ ಇರಬಹುದು. ಅಥವಾ ಸೀರಮ್ಮಿಗೆ ಬದಲಾಗಿ ಪ್ಲಾಸ್ಮಾವೇ ಪ್ರಯೋಗಶಾಲೆಗೆ ಬಂದಿರಬಹುದು. ಆಗ ಫೈಬ್ರಿನೋಜೆನ್ ಉಳಿದು, ಬೀಟಾ ಮತ್ತು ಗ್ಯಾಮಾಗಳ ನಡುವೆ ಒಂದು ಚೂಪಾದ ಪಟ್ಟೆಯಾಗಿ ನಿಲ್ಲುತ್ತದೆ. ನೋಡಲು ಅದು ಮೈಲೋಮಾದ ಪಟ್ಟೆಯ ಹಾಗೆಯೇ. ಮೂವತ್ತರ ದಶಕದ ವಿದ್ವಾಂಸರು ಪ್ಲಾಸ್ಮಾವನ್ನೂ ಓಡಿಸುತ್ತಿದ್ದುದರಿಂದ ಫೈಬ್ರಿನೋಜೆನ್ನಿಗೆ ಫೈ ಎಂಬ ಅಕ್ಷರವನ್ನು ಇಟ್ಟಿದ್ದರು. ಬೀಟಾ, ಫೈ, ಗ್ಯಾಮಾ ಎಂಬುದು ಅವರ ಕ್ರಮ. ಅಕ್ಷರಮಾಲೆಯಲ್ಲಿ ಫೈ ಎಲ್ಲಿ, ಗ್ಯಾಮಾ ಎಲ್ಲಿ! ಒಂದೇ ಪಂಕ್ತಿಯಲ್ಲಿ ಮೂರಕ್ಕೆ ಸ್ಥಾನದಿಂದ ಹೆಸರು, ನಾಲ್ಕನೆಯದಕ್ಕೆ ಮೊದಲಕ್ಷರದ ಸಾದೃಶ್ಯದಿಂದ ಹೆಸರು. ಸಂಜ್ಞಾಶಾಸ್ತ್ರದ ದೃಷ್ಟಿಯಿಂದ ಇದು ಸಂಕರ. ಆದರೆ ಈ ಸಂಕರವೇ ಉಪಕಾರಿಯಾಗಿತ್ತು. ಫೈ ಎಂಬುದು ಪಂಕ್ತಿಗೆ ಹೊರಗಿನವನೆಂದು ಹೆಸರೇ ಕೂಗಿ ಹೇಳುತ್ತಿತ್ತು. ಸೀರಮ್ಮೊಂದನ್ನೇ ನೋಡುವ ಪದ್ಧತಿಯು ಬಂದ ಮೇಲೆ ಅದು ನಿತ್ಯದ ಚಿತ್ರಗಳಿಂದ ಮಾಯವಾಯಿತು. ಆ ಸ್ಥಾನದಲ್ಲಿ ಶಿಖರವನ್ನು ಕಂಡ ಓದುಗನಿಗೆ ಈಗ ಸಾಲಿನಲ್ಲಿ ಎಚ್ಚರಿಕೆಯ ಗುರುತಿಲ್ಲ. ಶಿಖರವು ಯಾವುದರದೆಂಬುದನ್ನು ಒಂದೊಂದು ಪ್ರತಿಕಾಯವರ್ಗವನ್ನೂ ಪ್ರತ್ಯೇಕವಾಗಿ ಹಿಡಿದು ತೋರಿಸುವ ಇಮ್ಯುನೋಫಿಕ್ಸೇಷನ್ ಎಂಬ ಪರೀಕ್ಷೆಯಿಂದ ನಿಶ್ಚಯಿಸಿಕೊಳ್ಳದೆ ವೈದ್ಯನು ರೋಗದ ಹೆಸರನ್ನು ಹೇಳುವುದು, ವಾಕ್ಯಶೇಷವನ್ನು ನೋಡದೆ ಸಂದಿಗ್ಧ ಪದಕ್ಕೆ ಅರ್ಥಮಾಡುವುದಕ್ಕಿಂತ ಭಯಂಕರವಾದುದು. ಇಲ್ಲಿ ಕೆಡುವುದು ಶ್ಲೋಕವಲ್ಲ.

ಕಡೆಗೆ ಕನ್ನಡದ ಮಾತು. ಎಲೆಕ್ಟ್ರೋಫೋರೆಸಿಸ್ ಎಂಬುದಕ್ಕೆ ದೇಶೀಯ ಪದವನ್ನು ಕಟ್ಟಬೇಕೆಂಬ ಆಸೆಯು ಸಹಜ. ‘ವಿದ್ಯುದ್ವಿಭಜನೆ’ ಎಂಬುದನ್ನು ಇದಕ್ಕೆ ಬಳಸುವುದು ಸಾಧುವಲ್ಲ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅದು ಎಲೆಕ್ಟ್ರಾಲಿಸಿಸ್‌ಗೆ ಸಲ್ಲುತ್ತಿದೆ. ಅಲ್ಲಿ ವಸ್ತುವೇ ಒಡೆಯುತ್ತದೆ, ಇಲ್ಲಿ ಮಿಶ್ರಣವು ಮಾತ್ರ ಬಿಡಿಸಿಕೊಳ್ಳುತ್ತದೆ. ‘ವಿದ್ಯುದ್ವಹನ’ವೆಂದರೆ ತಂತಿಯಲ್ಲಿ ವಿದ್ಯುತ್ತು ಹರಿಯುವ ನೆನಪಾಗುತ್ತದೆ. ‘ವಿದ್ಯುತ್ಸರಣ’ವು ಕಿವಿಗೆ ಹಿತವಾದರೂ ಸಮಾಸದಲ್ಲಿ ಸಂದೇಹವಿದೆ: ವಿದ್ಯುತ್ತಿನಿಂದ ಸರಣವೆಂದು ತೃತೀಯಾತತ್ಪುರುಷವನ್ನು ಮಾಡಿದರೆ ಸರಿ, ವಿದ್ಯುತ್ತಿನ ಸರಣವೆಂದು ಷಷ್ಠಿಯನ್ನು ಮಾಡಿದರೆ ಅನರ್ಥ, ಓದುಗನು ಮೊದಲು ಮಾಡುವುದು ಷಷ್ಠಿಯನ್ನೇ. ಆದುದರಿಂದ ಎಲೆಕ್ಟ್ರೋಫೋರೆಸಿಸ್ ಎಂಬುದನ್ನೇ ರೂಢಶಬ್ದವಾಗಿ ಉಳಿಸಿಕೊಂಡು, ಮೊದಲ ಸಲ ಬಂದಾಗ ‘ವಿದ್ಯುತ್ತಿನಿಂದ ಸರಿಸಿ ಬೇರ್ಪಡಿಸುವುದು’ ಎಂದು ಬಿಡಿಸಿ ಹೇಳುವುದು ಮೇಲು. ಆಲ್ಫಾ ಮೊದಲಾದವುಗಳನ್ನು ‘ಪ್ರಥಮ’, ‘ದ್ವಿತೀಯ’ ಎಂದು ಭಾಷಾಂತರಿಸುವುದು ಬೇಡ. ಸಂಖ್ಯಾವಾಚಕಕ್ಕೆ ಅರ್ಥವಿದೆ, ಅರ್ಥವಿದ್ದಲ್ಲಿ ಮತ್ತೆ ವ್ಯುತ್ಪತ್ತಿಯ ಹುಡುಕಾಟವು ಹುಟ್ಟುತ್ತದೆ. ಅರ್ಥವಿಲ್ಲದ ಗ್ರೀಕ್ ಅಕ್ಷರವೇ ನಿರಪಾಯ.

ಆದರೆ ಅವುಗಳ ಜೊತೆಗೆ ‘ಪಟ್ಟೆ’ ಎಂಬ ನಮ್ಮ ಶಬ್ದವನ್ನು ಸೇರಿಸಲೇಬೇಕೆಂದು ನನ್ನ ಬಲವಾದ ಅಭಿಪ್ರಾಯ. ಕೋಶಕಾರರು ‘ಗ್ಯಾಮಾ ಗ್ಲಾಬ್ಯುಲಿನ್: ರೋಗವನ್ನು ತಡೆಯುವ ಪ್ರೋಟೀನು’ ಎಂದು ಬರೆಯುವುದರ ಬದಲು ಹೀಗೆ ಬರೆಯಬಹುದು: ‘ಗ್ಯಾಮಾ ಪಟ್ಟೆ: ಕ್ಷಾರದ್ರಾವಣದಲ್ಲಿ ಸೀರಮ್ಮನ್ನು ವಿದ್ಯುತ್ತಿನಿಂದ ಸರಿಸಿದಾಗ ಧನಧ್ರುವದ ಕಡೆಗೆ ಎಲ್ಲಕ್ಕಿಂತ ಕಡಮೆ ಸಾಗುವ ಭಾಗ, ಪ್ರತಿಕಾಯಗಳಲ್ಲಿ ಹೆಚ್ಚಿನವು ಇಲ್ಲಿ ಕಾಣುವುವು, ಕೆಲವು ಬೀಟಾ ಪಟ್ಟೆಯಲ್ಲಿಯೂ ಉಂಟು.’ ಸಾಲು ಉದ್ದವಾಯಿತೆಂದು ಮುದ್ರಕರು ಗೊಣಗಬಹುದು.